ಮರಿಯ ಬಾಯಿಗೆ ಹಿಡಿಯುವಷ್ಟು

ಅತ್ತೆಗೆ ಲಘುವಾಗಿ ಪಾರ್ಶ್ವವಾಯು ಹೊಡೆದು, ಕುಣಿಗಲ್ ಕಡೆಯ ಊರಿನಿಂದ ಉಪ್ಪಾರಹಳ್ಳಿಯ ನಮ್ಮ ಮನೆಗೆ ಬಂದಾಗ ಡಾಕ್ಟರು ಹೇಳಿದ್ದು ಒಂದೇ ಮಾತು: ಮೆತ್ತಗಿನ ಊಟ ಕೊಡಿ. ನಮ್ಮ ಜನಕ್ಕೆ ಮುದ್ದೆಗಿಂತ ಮೆತ್ತಗಿನದು ಯಾವುದಿದೆ? ಅದನ್ನು ಜಗಿಯುವಂತೆಯೇ ಇಲ್ಲ, ಸಾರಿನಲ್ಲಿ ಅದ್ದಿ ನುಂಗಬೇಕು. ಸಣ್ಣ ಮುದ್ದೆ ಕಟ್ಟಿ ಬಸ್ಸಾರು ಬಡಿಸಿದೆವು. ಸೋತಿದ್ದುದು ಅವರ ಹಲ್ಲಲ್ಲ, ಗಂಟಲು ಎಂಬುದು ನನಗಾಗಲಿ ನನ್ನ ಗಂಡನಿಗಾಗಲಿ ಹೊಳೆಯಲಿಲ್ಲ. ಮೊದಲ ತುತ್ತೇ ಸಿಕ್ಕಿಕೊಂಡು, ಕೆಮ್ಮಿ ಕೆಮ್ಮಿ ಕಣ್ಣು ತೇಲಿಸಿಬಿಟ್ಟರು. ಆಮೇಲೆ ತಟ್ಟೆ ಕಂಡರೆ ಸಾಕು, ಮುಖ ತಿರುಗಿಸುತ್ತಿದ್ದರು. ಗಂಜಿಯ ಹದಕ್ಕಿರಲಿ ಎಂದು ಡಾಕ್ಟರು ತಿದ್ದಿ ಹೇಳುವ ಹೊತ್ತಿಗೆ ಅವರು ಬಹಳ ಇಳಿದುಹೋಗಿದ್ದರು. ನನಗೆ ನಿಜಕ್ಕೂ ಭಯವಾಗಿತ್ತು.

ನಾನು ಪ್ರಾಣಿಶಾಸ್ತ್ರದ ಅಧ್ಯಾಪಕಿ. ಕಾಲೇಜಿನಲ್ಲಿ ನನಗೆ ಇನ್ನೊಂದು ಸಂಸಾರವಿತ್ತು. ಮಾರ್ಕೋನಹಳ್ಳಿ ಜಲಾಶಯದಿಂದ ತಂದ ಕೋಪೆಪಾಡ್‌ಗಳು, ಸೀಗಡಿಯ ದೂರದ ನೆಂಟರಾದ ಪುಟ್ಟ ಜೀವಿಗಳು, ಬರಿಗಣ್ಣಿಗೆ ನೀರಿನಲ್ಲಿ ಕುಪ್ಪಳಿಸುವ ಚುಕ್ಕೆಗಳು. ಬೇಸಿಗೆಯಲ್ಲಿ ಆ ನೀರಿನಲ್ಲಿ ಸಯನೋಬ್ಯಾಕ್ಟೀರಿಯಾ ಎಂಬ ನೀಲಿಹಸಿರು ಪಾಚಿ ಬೆಳೆದು ಹಸಿರುಗಟ್ಟುತ್ತದೆ. ಅದರ ಉದ್ದುದ್ದ ಎಳೆಗಳನ್ನು ದೊಡ್ಡ ಕೋಪೆಪಾಡ್ ಶಾವಿಗೆ ತಿಂದಂತೆ ತುಂಡರಿಸಿ ತಿನ್ನುತ್ತದೆ. ಮೊಟ್ಟೆಯೊಡೆದು ಬಂದ ಮರಿಗೆ ಆ ಬಾಯಿ ಇಲ್ಲ. ಊಟದ ನಡುವೆಯೇ ಈಜುತ್ತ ಹಸಿದು ಸಾಯುತ್ತದೆ. ಎಳೆಗಳನ್ನು ನುಣ್ಣಗೆ ಮುರಿದು, ಸೋಸಿ ಕೊಟ್ಟ ಜಾಡಿಯಲ್ಲಿ ಮಾತ್ರ ಮರಿಗಳು ಬದುಕಿದ್ದವು.

ಅದನ್ನು ಕಂಡ ಸಂಜೆಯೇ ಹಳೇ ಪಂಚೆಯ ತುಂಡಿನಲ್ಲಿ ರಾಗಿಹಿಟ್ಟು ಸೋಸಿ, ಹಾಲು ಬೆಲ್ಲ ಹಾಕಿ, ಕೂಸುಗಳಿಗೆ ಮಾಡುವ ಸರಿ ಕಾಯಿಸಿದೆ.

ಅತ್ತೆ ಬಟ್ಟಲಿಗೆ ಇಣುಕಿದರು. "ಕೂಸಿಗಿಕ್ಕೋ ಸರಿ ನಂಗ್ಯಾಕೆ? ನಾನೇನ್ ತೊಟ್ಲಲ್ಲಿ ಮಲಗಿದೀನಾ?"

ಬಾಯಿ ಒಂದು ಕಡೆ ಎಳೆದಿದ್ದರೂ ಮಾತಿನ ಖಾರ ಕಮ್ಮಿಯಾಗಿರಲಿಲ್ಲ. ಬೇಡಿಕೊಂಡರೆ ಬಗ್ಗುವ ಜೀವವಲ್ಲ ಅದು. ಮಾರನೇ ದಿನ ಮೈಕ್ರೋಸ್ಕೋಪನ್ನೇ ಮನೆಗೆ ತಂದು, ಎಳೆಗಳನ್ನು ಸೋಸದ ಜಾಡಿಯ ಒಂದು ಹನಿ ನೀರನ್ನು ಅದರಡಿ ಹಾಕಿ, ಅವರ ಮಂಚದ ಪಕ್ಕ ಇಟ್ಟೆ. ಜೊತೆಗೆ ಬಿಸಿ ಸರಿಯ ಬಟ್ಟಲನ್ನೂ ಇಟ್ಟೆ. ವಿಭೂತಿ ಹಚ್ಚಿದ ಹಣೆಯನ್ನು ಬಗ್ಗಿಸಿ ಅತ್ತೆ ಬಹಳ ಹೊತ್ತು ನೋಡಿದರು.

"ದೊಡ್ಡದು ಗಬಗಬ ತಿಂತೈತೆ. ಈ ಸಣ್ಣದ್ಯಾಕೆ ಸುಮ್ನೈತೆ?"

"ಅದು ಮರಿ ಅತ್ತೆ. ಸೋಸಿ ಕೊಟ್ರೆ ಮಾತ್ರ ತಿನ್ನುತ್ತೆ."

"ಅವರವ್ವ ಸೋಸಿ ಕೊಡಲ್ವಾ?"

"ಇಲ್ಲ. ಅವಕ್ಕೆ ಅವ್ವ ಯಾರು ಅಂತಾನೇ ಗೊತ್ತಿರಲ್ಲ."

ಅತ್ತೆ ಕಣ್ಣು ತೆಗೆಯಲಿಲ್ಲ. "ಪಾಪ, ಅಷ್ಟು ಊಟ ಸುತ್ತ ಇಟ್ಕೊಂಡು," ಎಂದು ತಮಗೇ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ತಾ ಆ ಬಟ್ಲು. ನಂಗೆ ನೀನಿದೀಯಲ್ಲ."

ಮೊದಲ ಚಮಚ ಕೆಮ್ಮಿಲ್ಲದೆ ಇಳಿಯಿತು. ನನಗೆ ಅಳುವೇ ಬಂತು. ಅತ್ತೆ ಅದನ್ನು ನೋಡಿಯೂ ನೋಡದವರಂತೆ, "ಬೆಲ್ಲ ಸಾಲ್ದು ಕಣೇ," ಎಂದು ಮತ್ತೆ ಬಾಯಿ ತೆರೆದರು.