ಬೆನ್ನು ಬೆಟ್ಟಕ್ಕೆ, ಮುಖ ಕೆರೆಗೆ

ನನ್ನ ತೋಟದ ಕೆಲಸದ ಯಜಮಾನರ ಎಡಗೈ ಹೆಬ್ಬೆರಳಿನ ಉಗುರು ಸದಾ ಹಸಿರಾಗಿರುತ್ತಿತ್ತು. ಸೊಪ್ಪಿನ ದಂಟು ಎಳೆಯದೋ ಬಲಿತದ್ದೋ ಎಂದು ಆ ಉಗುರಿನಿಂದಲೇ ಚಿವುಟಿ ನೋಡುವರು. ನೆಂಟರ ಮದುವೆಗೆ ಸೂಟು ತೊಟ್ಟು ಹೊರಟಾಗಲೂ ಉಗುರು ಹಸಿರೇ.

ನಾನು ಉಡುಪಿ ಕಡೆಯವನು, ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಹೆಂಡತಿಗೆ ಸಿಡ್ನಿಯ ಲಿವರ್‌ಪೂಲ್ ಎಂಬ ಬಡಾವಣೆಯಲ್ಲಿ ನರ್ಸ್ ಕೆಲಸ ಸಿಕ್ಕಿ ಇಲ್ಲಿಗೆ ಬಂದೆವು. ಅವಳ ಸಂಬಳದಲ್ಲಿ ಕೂತು ಉಣ್ಣುವ ಜಾಯಮಾನ ನನ್ನದಲ್ಲ. ಊರಂಚಿನ ಮಾರ್ಸ್ಡನ್ ಪಾರ್ಕ್‌ನಲ್ಲಿ ಆಗಿನ್ನೂ ತರಕಾರಿ ತೋಟಗಳಿದ್ದವು. ಹೋಗಿ ಕೇಳಿದೆ. ತೋಟದ ಯಜಮಾನರು ಚೀನಾದ ಕ್ಯಾಂಟನ್ ಸೀಮೆಯವರು, ಎಪ್ಪತ್ತು ದಾಟಿದವರು. ನನ್ನ ಅಂಗೈ ತಿರುಗಿಸಿ ನೋಡಿ, "ಇಂಗ್ಲಿಷ್ ಬರುತ್ತಾ?" ಎಂದರು.

"ಸ್ವಲ್ಪ."

"ನನಗೂ ಸ್ವಲ್ಪವೇ. ಸಾಕು. ಜಾಸ್ತಿ ಬಂದ್ರೆ ಬರೀ ಮಾತಾಗುತ್ತೆ, ಕೆಲಸ ಆಗಲ್ಲ."

ಹೊಸದರಲ್ಲಿ ಒಮ್ಮೆ, ನೀರಿನ ಪೈಪು ಎಲ್ಲಿಟ್ಟೆ ಎಂದು ಕೇಳಿದ್ದಕ್ಕೆ ಪೂರ್ವದ ಕಡೆ ಎಂದೆ. ಸಿಟ್ಟಾದರು. "ಪೂರ್ವ ಪಶ್ಚಿಮ ನನ್ನ ಹತ್ರ ಬೇಡ. ನಮ್ಮೂರಲ್ಲಿ ಸೂರ್ಯ ದಕ್ಷಿಣದ ಕಡೆಯಿಂದ ಹೋಗ್ತಾನೆ, ಇಲ್ಲಿ ಉತ್ತರದಿಂದ. ಎಲ್ಲ ತಿರುಗುಮುರುಗು. ಬೆನ್ನು ಬೆಟ್ಟಕ್ಕೆ ಕೊಡು, ಮುಖ ಕೆರೆಗೆ ಮಾಡು. ಆಮೇಲೆ ಎಡಗೈ, ಬಲಗೈ. ಅಷ್ಟೇ."

ಆಮೇಲೆ ತಿಳಿಯಿತು, ಆ ತೋಟ ಅವರ ಊರೇ ಎಂದು. ಮುಂದೆ ಅರ್ಧಚಂದ್ರದ ಹಾಗೆ ತೋಡಿಸಿದ ಕೆರೆ. ಅದರ ದಡದಲ್ಲಿ, ಊರಿನ ಹಿರಿಯರನ್ನು ಪೂಜಿಸುವ ಮನೆ ಇರಬೇಕಾದಲ್ಲಿ, ಸೊಪ್ಪು ತೊಳೆಯುವ ಶೆಡ್ಡು. ಅಲ್ಲಿಂದ ಹಿಂದಕ್ಕೆ, ಊರಿನ ಓಣಿಗಳಂತೆ ನೆಟ್ಟಗೆ ಹೋದ ಮಡಿಗಳು. ಕೊನೆಗೊಂದು ದಿಬ್ಬ, ಮೇಲೆ ಮರಗಳು. ಅವನ್ನು ಮುಟ್ಟುವಂತಿಲ್ಲ. ಊರಿನ ಬೆಟ್ಟದಲ್ಲಿ ಒಂದು ಕೊಂಬೆ ಕಡಿದವನೂ ಊರಿಗೆಲ್ಲ ಹಂದಿಮಾಂಸ ಹಂಚಿ ತಪ್ಪುಕಾಣಿಕೆ ಸಲ್ಲಿಸಬೇಕಿತ್ತಂತೆ.

ಸೊಪ್ಪು ತೊಳೆಯುತ್ತ ಊರಿನ ಕಥೆ ಹೇಳುವರು. ಮೂಲಪುರುಷ ಯುದ್ಧಕ್ಕೆ ಹೆದರಿ ಉತ್ತರದಿಂದ ಎಮ್ಮೆ ಹೊಡೆದುಕೊಂಡು ಬಂದ. ಎಮ್ಮೆ ಎಲ್ಲಿ ನೀರು ಕಂಡು ಮಲಗಿತೋ ಅಲ್ಲೇ ಊರಾಯಿತು. ಅಜ್ಜಂದಿರ ಕಾಲದವರು ಮೆಲ್ಬರ್ನ್ ಆಚೆ ಚಿನ್ನ ಅಗೆಯಲು ಬಂದು, ಊರಿಗೆ ಕಳಿಸಿದ ದುಡ್ಡಲ್ಲಿ ದರೋಡೆಕೋರರಿಗೆ ಹೆದರಿ ಅಲ್ಲಿ ಕಿರುಕಿಟಕಿಗಳ ಕಾವಲುಗೋಪುರ ಕಟ್ಟಿಸಿದರು. "ಚಿನ್ನಕ್ಕೆ ಬಂದವರು ಕೊನೆಗೆ ಕೋಸು ಬೆಳೆದರು" ಎಂದು ನಗುವರು.

ನಗದೆ ಹೇಳುತ್ತಿದ್ದುದು ಒಂದೇ, ಊರಿನ ಬೆಟ್ಟದ ಮೇಲಿದ್ದ ತಾಯಿಯ ಗೋರಿಯ ಮಾತು. ಕೆಟ್ಟ ಕಾಲದಲ್ಲಿ ತೀರಿಕೊಂಡದ್ದರಿಂದ ಹೆಸರಿನ ಕಲ್ಲಿಲ್ಲ. ಅವರ ಕಡೆ ಪ್ರತಿ ಏಪ್ರಿಲ್‌ನಲ್ಲಿ ಹಿರಿಯರ ಗೋರಿ ಗುಡಿಸಿ ಊದುಬತ್ತಿ ಹಚ್ಚಬೇಕು. ಅವರಿಗೆ ಮಂಡಿನೋವು, ಬೆಟ್ಟ ಹತ್ತಲಾರರು. ಒಬ್ಬನೇ ಮಗ ಮೆಲ್ಬರ್ನ್‌ನಲ್ಲಿ ಆಫೀಸು ಕೆಲಸದವನು, ಊರು ಕಂಡವನಲ್ಲ. ಒಮ್ಮೆ ಬಂದಾಗ ಅಪ್ಪ ದಾರಿ ಹೇಳಲು ಶುರು ಮಾಡಿದರೆ ಅವನು, "ಫೋನಲ್ಲಿ ಮ್ಯಾಪ್ ಇದೆಯಲ್ಲ ಡ್ಯಾಡ್" ಎಂದ.

"ಮ್ಯಾಪಲ್ಲಿ ನಿನ್ನ ಅಜ್ಜಿ ಇದ್ದಾಳಾ?"

ಮಗ ನಕ್ಕು ಎದ್ದು ಹೋದ. ಯಜಮಾನರು ಕೆರೆಯತ್ತ ನೋಡುತ್ತ ಕುಳಿತರು.

ಕೊನೆಗೆ ತೋಟ ಮಾರಿಹೋಯಿತು. ಕೆರೆ ಮುಚ್ಚಿ ಮನೆಗಳೆದ್ದವು. ಅವರು ಮಗನ ಮನೆಗೆ ಹೋದರು, ನಾನು ಕಾಂಕ್ರೀಟ್ ಕೆಲಸಕ್ಕೆ ಸೇರಿದೆ. ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಬರುತ್ತಿತ್ತು. ಹಲೋ ಇಲ್ಲ, ಕ್ಷೇಮ ಸಮಾಚಾರ ಇಲ್ಲ. "ಹೊರಡು" ಎನ್ನುವರು. ತೋಟದಲ್ಲಿದ್ದಾಗ ಅವರು ಬಾಯಿಪಾಠ ಮಾಡಿಸಿದ್ದ ಗೋರಿಯ ದಾರಿಯನ್ನು ನಾನು ಒಪ್ಪಿಸಬೇಕು: ಬೆನ್ನು ಬೆಟ್ಟಕ್ಕೆ, ಮುಖ ಕೆರೆಗೆ. ಎಡಗೈ ಕಡೆಯ ಕೊನೆಯ ಓಣಿ. ಅದರಲ್ಲಿ ಹಿಂದಕ್ಕೆ ನಡೆದು ಗೋಪುರ ದಾಟಿ ಬೆಟ್ಟ ಹತ್ತಬೇಕು. ಒಡೆದ ಬಂಡೆಯ ಕೆಳಗೆ ಅಮ್ಮ.

"ಹೋಗಿಬಂದ್ರಾ ಚೀನಾಕ್ಕೆ? ಅನ್ನ ಆರಿತು" ಎಂದು ಹೆಂಡತಿ ತಮಾಷೆ ಮಾಡುವಳು. ಮುದುಕರಿಗೆ ಮರೆವು, ಅದಕ್ಕೇ ನನ್ನಿಂದ ಹೇಳಿಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ.

ಒಂದು ಭಾನುವಾರ ದಣಿದಿದ್ದೆ. ಬಾಯಿ ತಪ್ಪಿ "ಬಲಗೈ ಕಡೆಯ ಓಣಿ" ಎಂದುಬಿಟ್ಟೆ.

"ಅಲ್ಲ ಮೇಟ್, ಎಡಗೈ" ಎಂದಿತು ಆ ಕಡೆಯಿಂದ ಅವರ ಮಗನ ದನಿ.

ಅಷ್ಟು ದಿನವೂ ಅವರು ಊಟದ ಮೇಜಿನ ಮೇಲೆ ಸ್ಪೀಕರ್ ಹಾಕಿಟ್ಟು ನನ್ನಿಂದ ಹೇಳಿಸುತ್ತಿದ್ದರು. ಅಪ್ಪ ಹೇಳಿದರೆ ಎದ್ದು ಹೋಗುವ ಮಗ, ಹೊರಗಿನವನು ಹೇಳುವಾಗ ಉಣ್ಣುತ್ತ ಕೇಳಿಸಿಕೊಂಡಿದ್ದ. ಯಜಮಾನರು ಕಡಲೆಕಾಯಿ ಸುಲಿಯುವ ಸದ್ದು ಮಾತ್ರ ಕೇಳುತ್ತಿತ್ತು. ಮುಂದಿನ ಭಾನುವಾರ ಫೋನ್ ಬರಲಿಲ್ಲ. ನಾನೇ ಮಾಡಿದರೆ, "ನಿನ್ನ ಕೆಲಸ ಮುಗೀತು. ಬಿಸಿ ಅನ್ನ ಉಣ್ಣು" ಎಂದರು.

ಕಳೆದ ಚಳಿಗಾಲದಲ್ಲಿ ಹೋಗಿಬಿಟ್ಟರು. ಮೆಲ್ಬರ್ನ್‌ಗೆ ಹೋಗಿ ಮುಖ ನೋಡಿದೆ, ಕೈ ನೋಡಿದೆ. ಹೆಬ್ಬೆರಳಿನ ಉಗುರು ಬೆಳ್ಳಗಿತ್ತು. ಆಗ ತಡೆಯಲಾಗಲಿಲ್ಲ.

ಈ ಏಪ್ರಿಲ್‌ನಲ್ಲಿ ಅವರ ಮಗ ಚೀನಾದ ಆ ಊರಿನಿಂದ ವಿಡಿಯೋ ಕಾಲ್ ಮಾಡಿದ. ಕೆರೆಯ ಅರ್ಧ ರಸ್ತೆಯಾಗಿದೆ, ಗೋಪುರದಲ್ಲಿ ಪಾರಿವಾಳಗಳಿವೆ. "ನೀನು ಹೇಳು" ಎಂದ. "ನೀನೇ ನಡಿ" ಎಂದೆ. ಅವನು ಬೆಟ್ಟಕ್ಕೆ ಬೆನ್ನು ಕೊಟ್ಟು ನಿಂತ. ಎಡಗೈ ಎತ್ತಿ ಒಮ್ಮೆ ನೋಡಿಕೊಂಡ, ಹೊರಟ. ಒಡೆದ ಬಂಡೆ ಕಂಡಾಗ ಬಗ್ಗಿ ಅದರ ಕೆಳಗೆ ಗುಡಿಸಿದ. ಊದುಬತ್ತಿಯ ಹೊಗೆಯಲ್ಲಿ ಪರದೆ ಮಸುಕಾಯಿತು.

ಹಿಂದಿನಿಂದ ಇಣುಕುತ್ತಿದ್ದ ನನ್ನ ಮಗಳು ಇಂಗ್ಲಿಷಿನಲ್ಲಿ ಕೇಳಿದಳು, ನಮ್ಮೂರಿಗೆ ಹೇಗೆ ಹೋಗೋದು ಅಪ್ಪ, ಎಂದು.

"ಬಾ ಇಲ್ಲಿ" ಎಂದೆ. "ಮೊದಲು ಬೆನ್ನು ಕಡಲಿಗೆ ಕೊಟ್ಟು ನಿಂತುಕೋ."