ಕಾರ್ಬನ್ ನೇಯ್ಗೆಯ ಹಿಂದಿನ ಕೈ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಚ್ಚಲುಮನೆಯಲ್ಲಿ ಟೈಲರಮ್ಮ ದೊಡ್ಡ ಪ್ಲಾಸ್ಟಿಕ್ ತೊಟ್ಟಿಯ ನೀರಿಗೆ ಮೊಣಕೈ ಅದ್ದಿ, ಎಳೆಗೂಸಿಗೆ ಎರೆಯುವವರ ಹಾಗೆ ಬಿಸಿಯ ಹದ ನೋಡುತ್ತಾರೆ. ದುಬಾರಿ ಬೈಕುಗಳ ಮೈಮೇಲೆ ಕಾಣುವ ಕಾರ್ಬನ್ ಫೈಬರ್‌ನ ನೇಯ್ಗೆ ಅಚ್ಚಾದ ತೆಳು ಹಾಳೆಯನ್ನು ನೀರಿನ ಮೇಲೆ ಹಾಸಿ ದ್ರಾವಣ ಸಿಂಪಡಿಸಿದರೆ ಹಾಳೆ ಕರಗಿ ಬಣ್ಣವಷ್ಟೇ ತೇಲುತ್ತದೆ. ಇನ್ನು ಯಾರೂ ಬಾಗಿಲು ತೆರೆಯುವಂತಿಲ್ಲ. ತುಸು ಗಾಳಿಯಾಡಿದರೂ ಗೆರೆ ಸೊಟ್ಟಗಾಗುತ್ತದೆ. ನಿನ್ನೆಯೇ ಉಜ್ಜಿ ಬೂದು ಬಣ್ಣ ಬಳಿದಿಟ್ಟ ಬೈಕಿನ ಮಡ್‌ಗಾರ್ಡನ್ನು ಓರೆಯಾಗಿ ಹಿಡಿದು ಮೆಲ್ಲಗೆ ಮುಳುಗಿಸುತ್ತಾರೆ. ಮೇಲೆದ್ದಾಗ ಅದರ ಮೈತುಂಬ ಕಪ್ಪು ನೇಯ್ಗೆ.

“ಈ ಮನೇಲಿ ಮನುಷ್ಯರಿಗಿಂತ ಮುಂಚೆ ಬೈಕಿಗೇ ಸ್ನಾನ,” ಎಂದು ಹೊರಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕಾಯುವ ಅತ್ತೆ ಗೊಣಗುತ್ತಾರೆ. ಮಾತಷ್ಟೇ ಬಿರುಸು, ದ್ರಾವಣದ ಘಾಟಿಗೆ ಸೊಸೆಯ ತಲೆ ಸಿಡಿಯುವ ದಿನ ಅಡುಗೆಮನೆ ಅವರದೇ.

ಚೌಕಳಿ ಬಟ್ಟೆಯ ಅಂಗಿ ಹೊಲಿಯುವಾಗ ಜೋಡಣೆಯಲ್ಲಿ ಗೆರೆಗೆ ಗೆರೆ ಕೂಡಿಸುವುದು ಟೈಲರಮ್ಮನಿಗೆ ಕರಗತ. ಸಿದ್ಧ ಉಡುಪು ಬಂದು ಹೊಲಿಗೆ ಕೈಬಿಟ್ಟಿತು, ಗಂಡ ದುಡಿಯುತ್ತಿದ್ದ ಬೈಕ್ ಬಿಡಿಭಾಗದ ಅಂಗಡಿಯೂ ಮುಚ್ಚಿತು. ಕೈಯಲ್ಲಿದ್ದ ಆ ಕಲೆ ಆಗ ಈ ತೊಟ್ಟಿಗಿಳಿಯಿತು. ಹೆಂಗಸು ಮಾಡುತ್ತಾಳೆಂದರೆ ಯಾರು ಬೈಕಿನ ಭಾಗ ತಂದುಕೊಟ್ಟಾರು ಎಂಬ ಅಳುಕಿನಿಂದ, ನೀವೇ ಮಾಡುವುದೆಂದು ಹೇಳಿಬಿಡಿ ಎಂದು ಗಂಡನಿಗೆ ಕಲಿಸಿಕೊಟ್ಟವರೂ ಅವರೇ.

ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಹಾಗಾಯಿತು. ದಿನಕ್ಕೆ ನಾಲ್ಕೈದು ಭಾಗ ಬರತೊಡಗಿದವು. ಗೇಟಿನಲ್ಲಿ ಗಿರಾಕಿಗಳೆಲ್ಲ “ಅಣ್ಣನ ಕೈಯೇ ಕೈ” ಎಂದು ಗಂಡನನ್ನು ಕೊಂಡಾಡುವಾಗ ಒಳಗಿದ್ದ ಟೈಲರಮ್ಮನ ಬಾಯಲ್ಲಿ ಬಿಸಿತುಪ್ಪ: ನುಂಗುವಂತಿಲ್ಲ, ಉಗುಳುವಂತಿಲ್ಲ. “ಮೊದಮೊದಲು ನಗು ಬರ್ತಿತ್ತು. ಆಮೇಲಾಮೇಲೆ ಅಳು,” ಎನ್ನುತ್ತಾರೆ.

ಕಳೆದ ವಾರ ಗಿರಾಕಿಯೊಬ್ಬ ಅಣ್ಣನ ಕೈಚಳಕ ನೋಡಿಯೇ ಹೋಗುತ್ತೇನೆಂದು ಪಟ್ಟು ಹಿಡಿದು ಕೂತ. ಗಂಡನಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಬಾಗಿಲ ಸಂದಿಯಲ್ಲಿ ಹೆಂಡತಿ ನಿಂತಿರುವಂತೆಯೇ ಸೈಡ್ ಪ್ಯಾನೆಲನ್ನು ಅಡ್ಡಡ್ಡ ಹಿಡಿದು ದೊಪ್ಪನೆ ಅದ್ದಿದರು. ಕೆಳಗೆ ಗಾಳಿ ಸಿಕ್ಕಿಕೊಂಡಿತು. ನೇಯ್ಗೆ ಹರಿದ ಬಲೆಯಂತೆ ಎದ್ದುಬಂತು. ಗಿರಾಕಿಯ ಮುಖ ಸಣ್ಣಗಾಯಿತು. ಈ ಸಲದ ಹಾಳೆ ಸರಿಯಿಲ್ಲವೇನೋ ಎಂದು ಅವನೇ ನೆಪ ಎತ್ತಿಕೊಟ್ಟ. ಹೌದೆಂದಿದ್ದರೆ ಮಾನ ಉಳಿಯುತ್ತಿತ್ತು.

ಗಂಡ ಕೆಟ್ಟ ಪ್ಯಾನೆಲನ್ನು ಹೆಂಡತಿಯ ಕೈಗಿತ್ತರು. “ಹಾಳೆ ಚೆನ್ನಾಗೇ ಇದೆ. ಇಷ್ಟು ದಿನ ನೀವು ಹೊಗಳಿದ್ದು ನನ್ನ ಕೈಯನ್ನಲ್ಲ, ಇವಳ ಕೈಯನ್ನ,” ಎಂದರು.

ಟೈಲರಮ್ಮ ಪ್ಯಾನೆಲ್ ತೊಳೆದು, ಒಣಗಿಸಿ, ಉಜ್ಜಲು ಕೂತರು. ಕಣ್ಣು ಮಂಜಾಗಿದ್ದರಿಂದ ಒಂದೇ ಕಡೆ ಎರಡೆರಡು ಸಲ ಉಜ್ಜಿದರಂತೆ.

ಗೇಟಿಗೆ ಹೆಂಡತಿಯ ಹೆಸರಿನ ಬೋರ್ಡು ಹಾಕಿಸೋಣವೆಂದು ಈಗ ಗಂಡನೇ ದುಂಬಾಲು ಬಿದ್ದಿದ್ದಾರೆ. ಟೈಲರಮ್ಮ ಒಪ್ಪಿಲ್ಲ. “ಬೋರ್ಡು ಗೀರ್ಡು ಯಾಕೆ? ಬಂದವರು ‘ಅಕ್ಕ ಇದ್ದಾರಾ’ ಅಂತ ಕೇಳ್ಲಿ. ‘ಇದ್ದೀನಿ’ ಅಂತ ನಾನೇ ಹೊರಗೆ ಬರ್ತೀನಿ.”