ನೀರಂಚಿನವಳು ಒಗೆದ ಅಂಗಿ

ಚಿನ್ನದ ಗಣಿಯ ಊರು ಕೋರಮಂಡಲ್‌ನಲ್ಲಿ, ಕೆಲಸಗಾರರ ಸಾಲುಮನೆಗಳ ಲೈನ್‌ಗಳಲ್ಲಿ, ವೆಂಕಟರತ್ನಮ್ಮ ಒಂದು ಕಡೆ ಕೂತದ್ದನ್ನು ಕಂಡವರಿಲ್ಲ. ಮುದ್ದೆಗೆ ಎಸರಿಟ್ಟು ಬಾಗಿಲಿಗೆ ಬರುವಳು, ಬಾಗಿಲಿನಿಂದ ನಲ್ಲಿಗೆ ಹೋಗುವಳು, ನಲ್ಲಿಯ ಸಾಲಿನಲ್ಲಿ ಕೊಡ ಇಟ್ಟು ಮತ್ತೆ ಬಾಗಿಲಿಗೆ ಬರುವಳು. ಅವಳ ಕಾಲಿಗೆ ಚಕ್ರ ಕಟ್ಟಿದೆ ಎಂದು ಅಕ್ಕಪಕ್ಕದ ಹೆಂಗಸರು ನಗುತ್ತಿದ್ದರು. ನಗುವವರಿಗೇನು, ಅವರೆಲ್ಲ ಲೈನ್‌ನಲ್ಲೇ ಹುಟ್ಟಿ ಲೈನ್‌ನಲ್ಲೇ ಬೆಳೆದವರು. ಇವಳು ಬಂಗಾರಪೇಟೆಯವಳು. ಅಪ್ಪ ರೈಲ್ವೆಯಲ್ಲಿ ಹಳಿ ಬದಲಿಸುವ ಕೆಲಸದಲ್ಲಿದ್ದ. ಅಲ್ಲಿ ಹೋಗುವುದೂ ಬರುವುದೂ ಎಲ್ಲರ ಕಣ್ಣೆದುರಿಗೆ, ನೆಲದ ಮೇಲೆ. ಮನುಷ್ಯರು ನೆಲದೊಳಗೆ ಇಳಿದು ಕಾಣೆಯಾಗುವುದನ್ನು ಅವಳು ನೋಡಿದ್ದು ಮದುವೆಯಾದ ಮೇಲೆಯೇ.

ಮದುವೆಯಾದದ್ದು ಎಪ್ಪತ್ತನಾಲ್ಕರಲ್ಲಿ. ಗಂಡ ಆಂಜಿನಪ್ಪನಿಗೆ ಗಣಿಯೊಳಗೆ ಮರದ ಆಸರೆ ನಿಲ್ಲಿಸುವ ಕೆಲಸ. ಮೇಲಿನ ಬಂಡೆ ಕೆಳಗಿನವರ ತಲೆ ಮೇಲೆ ಕೂರದಂತೆ ದಿಮ್ಮಿಗಳನ್ನು ಒತ್ತುಕೊಟ್ಟು ನಿಲ್ಲಿಸಬೇಕು. ಸಂಸಾರ ಹೂಡಿದ ಹೊಸದರಲ್ಲೇ ಒಂದು ಮಧ್ಯಾಹ್ನ ನೆಲ ನಡುಗಿತು. ಅಟ್ಟಣಿಗೆಯ ಮೇಲಿನ ತಟ್ಟೆಗಳು ಗಲಗಲ ಎಂದವು. ಆಳದಲ್ಲಿ ಎಲ್ಲೋ ಬಂಡೆ ಸಿಡಿದಿತ್ತು. ಲೈನ್‌ನ ಹೆಂಗಸರೆಲ್ಲ ಬರಿಗಾಲಲ್ಲಿ ಗಣಿಗಿಳಿಯುವ ಶಾಫ್ಟಿನ ಗೇಟಿನ ಕಡೆ ಓಡಿದರು. ಏಕೆಂದು ತಿಳಿಯದೆ ಇವಳೂ ಓಡಿದಳು. ಕತ್ತಲಾಗುವ ಹೊತ್ತಿಗೆ ಆಂಜಿನಪ್ಪ ಮೇಲೆ ಬಂದ. "ಏನಿಲ್ಲ ಬಾ, ಒಟ್ಟೆ ಅಸೀತೈತೆ" ಅಂದ. ಮನೆಗೆ ಬಂದು ಉಂಡು ಮಲಗಿದ. ಅವಳೊಳಗೆ ಆವತ್ತು ಹೊಕ್ಕ ಭಯ ಮಾತ್ರ ಮತ್ತೆ ಹೊರಡಲಿಲ್ಲ, ಬಾಗಿಲಿಗೂ ನಲ್ಲಿಗೂ ಓಡಾಟ ಶುರುವಾದದ್ದು ಅಂದಿನಿಂದಲೇ.

"ಕೆಳಗಿರೋನು ನಾನು. ನಿಂಗ್ಯಾಕಮ್ಮೇ ಭಯ?" ಎಂದು ಅವನು ಕೇಳುತ್ತಿದ್ದ. ಒಳ್ಳೆಯ ಮನುಷ್ಯನೇ, ಆದರೆ ಈ ಒಂದು ವಿಷಯದಲ್ಲಿ ಅವನ ತಲೆ ಅವನು ನಿಲ್ಲಿಸುವ ದಿಮ್ಮಿಯಷ್ಟೇ ಗಟ್ಟಿ.

ಅವಳಿಗೆ ಬರೆಯುವ ಹುಚ್ಚು ಹಿಡಿಸಿದವಳು ಅತ್ತೆ ಮುನಿಶಾಮಮ್ಮ. ಮುದುಕಿ ಹರೆಯದಲ್ಲಿ ಗಣಿಯ ಒಬ್ಬ ಕ್ಯಾಪ್ಟನ್ ದೊರೆಯ ಬಂಗಲೆಯಲ್ಲಿ ಆಯಾ ಆಗಿದ್ದವಳು. ದೊರೆ ಕಾರ್ನ್‌ವಾಲ್ ಎಂಬ ಗಣಿನಾಡಿನ ಕಡೆಯವನು, ದೊರೆಸಾನಿ ಐರ್ಲೆಂಡಿನವಳು. ದೊರೆಸಾನಿ ಮಕ್ಕಳಿಗೆ ಹೇಳುತ್ತಿದ್ದ ಕತೆಗಳನ್ನು ಈಕೆ ತೊಟ್ಟಿಲು ತೂಗುತ್ತ ಕೇಳಿಸಿಕೊಂಡು, ಅರ್ಧ ಅರ್ಥ ಮಾಡಿಕೊಂಡು, ಉಳಿದರ್ಧ ತಾನೇ ಸೇರಿಸಿಕೊಂಡಿದ್ದಳು. ಗಣಿಯೊಳಗೆ ಬಂಡೆಯನ್ನು ಟಕಟಕ ತಟ್ಟಿ ಅಪಾಯ ತಿಳಿಸುವ ಕುಳ್ಳರ ಕತೆ. ಅವರಿಗೆ ಬುತ್ತಿಯಲ್ಲಿ ಒಂದು ಚೂರು ಬಿಡದಿದ್ದರೆ ಅವರು ಮುನಿಸಿಕೊಳ್ಳುವ ಕತೆ. ಮತ್ತೆ, ಹೊಳೆದಂಡೆಯಲ್ಲಿ ಕೂತು ಸಾಯಲಿರುವವರ ಬಟ್ಟೆ ಒಗೆಯುವ ಒಬ್ಬ ಹೆಂಗಸಿನ ಕತೆ. ಅವಳ ಮೈಮೇಲೆ ಹಸಿರು ನಿಲುವಂಗಿ, ಕಾಲಿಗೆ ಬಾತುಕೋಳಿಯ ಪಾದ. ಯಾರಾದರೂ ಧೈರ್ಯ ಮಾಡಿ ಅವಳಿಗೂ ನೀರಿಗೂ ನಡುವೆ ಹೋಗಿ ನಿಂತರೆ, ಕೇಳಿದ್ದನ್ನು ಅವಳು ಕೊಡಲೇಬೇಕು.

ಅತ್ತೆ ತೀರಿಕೊಂಡ ಮೇಲೆ ವೆಂಕಟರತ್ನಮ್ಮ ಈ ಕತೆಗಳನ್ನು ಬರೆಯತೊಡಗಿದಳು. ಇದ್ದದ್ದನ್ನು ಇದ್ದ ಹಾಗೆ ಬರೆಯುವ ಜಾಯಮಾನ ಅವಳದಲ್ಲ. ಕುಳ್ಳರಿಗೆ ಕಂಬಳಿ ಹೊದಿಸಿ ಮುದ್ದೆ ತಿನ್ನಿಸಿದಳು. ಬಟ್ಟೆ ಒಗೆಯುವವಳನ್ನು ಐರ್ಲೆಂಡಿನ ಹೊಳೆಯಿಂದ ಎಬ್ಬಿಸಿ ತಂದು ಬೇತಮಂಗಲದ ಕೆರೆಯಂಚಿನಲ್ಲಿ ಕೂರಿಸಿದಳು. ಹಸಿರು ನಿಲುವಂಗಿ ಕಳಚಿ ಹಳೆಯ ನೂಲಿನ ಸೀರೆ ಉಡಿಸಿದಳು. ಬಾತುಕೋಳಿ ಪಾದ ಮಾತ್ರ ಹಾಗೇ ಬಿಟ್ಟಳು, ಕೆಸರಿನಲ್ಲಿ ಅದರ ಗುರುತು ಚೆನ್ನಾಗಿ ಮೂಡುತ್ತದೆಂದು. ಅವಳಿಗೆ ನೀರಂಚಿನವಳು ಎಂದು ಹೆಸರಿಟ್ಟಳು. ಬೆಂಗಳೂರಿನ ಒಂದು ವಾರಪತ್ರಿಕೆ ಅದನ್ನು ಧಾರಾವಾಹಿಯಾಗಿ ತೆಗೆದುಕೊಂಡಿತು. ಸಂಪಾದಕ ರಾಮಚಂದ್ರಪ್ಪನವರು ಅವಳನ್ನು ಕಂಡಾಗ ಕನ್ನಡಕ ಏರಿಸಿಕೊಂಡು, "ಏನಮ್ಮಾ, ಇದು ಐರ್ಲೆಂಡ್ ಕಡೆಯ ಅಪ್ಪಟ ಕೆಲ್ಟಿಕ್ ಪುರಾಣ. ಈಗ ಇಂಗ್ಲಿಷಿನಲ್ಲಿ ಮಾಯಾಲೋಕದ ಕಾದಂಬರಿ ಬರೆಯೋರೆಲ್ಲ ಪಾತ್ರಗಳಿಗೆ ಅಲ್ಲಿಗೇ ಕೈ ಹಾಕ್ತಾರೆ. ನೀವೆಲ್ಲಿ ಓದಿದಿರಿ?" ಎಂದು ಕೇಳಿದರು.

"ಓದಿಲ್ಲ ಸಾರ್. ನಮ್ಮತ್ತೆ ಹೇಳಿದ್ದು" ಎಂದಳು. ಅವರಿಗೆ ಜೋರು ನಗು ಬಂತು. ಇವಳಿಗೂ ಬಂತು.

ಎಂಬತ್ತನಾಲ್ಕರಲ್ಲಿ ಧಾರಾವಾಹಿ ಶುರುವಾಯಿತು. ಲೈನ್‌ನಲ್ಲಿ ಒಂದೇ ಪ್ರತಿ ಕೈಯಿಂದ ಕೈಗೆ ಹೋಗಿ ಹರಿಯುತ್ತಿತ್ತು. ಕತೆಯಲ್ಲಿ ಒಬ್ಬ ಗಣಿ ಕೆಲಸಗಾರನಿದ್ದ. ನೀರಂಚಿನವಳು ಅವನ ಅಂಗಿ ಒಗೆಯುವ ಕಂತು ಬಂತು. ಅಂಗಿ ಯಾರದೆಂದು ಓದುವವರಿಗೆ ತಿಳಿಯಬೇಕಲ್ಲ? ಗಣಿಯಲ್ಲಿ ಮನುಷ್ಯನ ಗುರುತು ಹೆಸರಲ್ಲ, ಹಿತ್ತಾಳೆ ಬಿಲ್ಲೆ. ಅದರ ಮೇಲೆ ಅವನ ನಂಬರು. ಕೆಳಗಿಳಿಯುವಾಗ ತೆಗೆದುಕೊಂಡು ಹೋಗಬೇಕು, ಮೇಲೆ ಬಂದಾಗ ಮರಳಿಸಬೇಕು, ಮರಳಿ ಬಾರದ ಬಿಲ್ಲೆ ಎಂದರೆ ಮರಳಿ ಬಾರದ ಮನುಷ್ಯ. ಅಂಗಿಯ ಜೇಬಿನಲ್ಲಿ ಒಂದು ಬಿಲ್ಲೆ ಸಿಕ್ಕಿತೆಂದು ವೆಂಕಟರತ್ನಮ್ಮ ಬರೆದಳು. ಯಾವ ನಂಬರು ಹಾಕಿದರೂ ಯಾರಿಗಾದರೂ ತಗುಲುತ್ತದೆ ಎಂಬ ಎಚ್ಚರ ಅವಳಿಗಿತ್ತು. ಅದಕ್ಕೇ ಗಂಡನ ಹಳೆಯ ನಂಬರು ಹಾಕಿದಳು, ಏಳುನೂರ ನಲವತ್ತೆರಡು. ಹಿಂದಿನ ವರ್ಷ ಅವನನ್ನು ಬೇರೆ ಶಾಫ್ಟಿಗೆ ಹಾಕಿದಾಗ ಆ ಬಿಲ್ಲೆ ಹಾಜರಿ ಬರೆಯುವ ಟೈಮ್ ಆಫೀಸಿಗೆ ಹೋಗಿ, ಹೊಸದು ಬಂದಿತ್ತು. ಹಳೆಯದು ಅಲ್ಲಿಗೆ ಮುಗಿಯಿತು, ಇನ್ನು ಅದು ಯಾರದೂ ಅಲ್ಲ ಎಂದುಕೊಂಡಿದ್ದಳು.

ಅದನ್ನು ಬರೆದು ಮುಗಿಸಿದಾಗ ಅವಳಿಗೊಂದು ನೆಮ್ಮದಿಯೂ ಆಗಿತ್ತು. ಗಂಡನ ಮೇಲೆ ಬರಬಹುದಾದದ್ದು ಯಾರೂ ಇಲ್ಲದ ನಂಬರಿನ ಮೇಲೆ ಬಂದು ಹೋಯಿತಲ್ಲ ಎಂಬ ನೆಮ್ಮದಿ. ಇದನ್ನು ಅವಳು ಯಾರಿಗೂ ಹೇಳಲಿಲ್ಲ.

ಪತ್ರಿಕೆ ಬಂದ ವಾರವೇ ಒಂದು ಬೆಳಿಗ್ಗೆ ಪಕ್ಕದ ಲೈನ್‌ನ ಕದಿರಮ್ಮ ಬಾಗಿಲಲ್ಲಿ ಬಂದು ನಿಂತಳು. ಬೇತಮಂಗಲದ ಕಡೆಯ ಹುಡುಗಿ, ಹೊಸದಾಗಿ ಸಂಸಾರ ಹೂಡಿದವಳು. ಗಂಡ ಬಚ್ಚಪ್ಪ ಗಣಿಗೆ ಸೇರಿ ವರ್ಷವೂ ತುಂಬಿರಲಿಲ್ಲ. ಅವಳ ಕೈಯಲ್ಲಿ ಪತ್ರಿಕೆ ಮುದುಡಿತ್ತು.

"ಅಕ್ಕಾ, ನಮ್ಮೆಜಮಾನ್ರು ನಿಂಗೇನ್ ಮಾಡಿದ್ರು?" ಅಂದಳು.

ವೆಂಕಟರತ್ನಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಕದಿರಮ್ಮನೇ ಬಿಡಿಸಿ ಹೇಳಿದಳು. ಟೈಮ್ ಆಫೀಸಿನವರು ಬಿಲ್ಲೆಯನ್ನು ಎಸೆಯುವುದಿಲ್ಲ, ಮುಂದೆ ಸೇರಿದವನಿಗೆ ಕೊಡುತ್ತಾರೆ. ಏಳುನೂರ ನಲವತ್ತೆರಡು ಈಗ ಬಚ್ಚಪ್ಪನದು. ಗಣಿಯೊಳಗೆ ಇಳಿಸುವ ಕೇಜಿಗೆ ಕಾಯುವ ಸಾಲಿನಲ್ಲಿ ಜತೆಯವರು, "ನಿನ್ ಅಂಗಿ ಒಗದಾಯ್ತು ಕಣ್ಲಾ, ಒಣಗಾಕದೊಂದೇ ಬಾಕಿ" ಎಂದು ಕಿಚಾಯಿಸಿದ್ದರು. ಅವನು ನಕ್ಕಿದ್ದ. ನಕ್ಕು, ಸಾಲಿನಿಂದ ಈಚೆ ಬಂದು ಮನೆಗೆ ಹೋಗಿ ಮುಸುಕು ಹೊದ್ದು ಮಲಗಿದ್ದ. ಅಂದಿನಿಂದ ಕೆಳಗಿಳಿದಿಲ್ಲ. ಇನ್ನೂ ಸ್ವಲ್ಪ ದಿನ ಹೀಗೇ ಆದರೆ ಕೆಲಸದಿಂದ ಹೆಸರು ಹೊಡೆದುಹಾಕುತ್ತಾರೆ.

"ಅದು ಬರೀ ಕತೆ ಕದಿರಮ್ಮ. ಯಾವುದೋ ದೇಶದ್ದು. ನಂಬರ್‌ಗೇನು, ಬಾಯಿಗೆ ಬಂದದ್ದು ಹಾಕಿದ್ದು."

"ಬರೀ ಕತೇನಾ?"

"ಬರೀ ಕತೆ."

"ಅಂಗಾದ್ರೆ ಮುಂದಿನ್ ವಾರ ಅಂಗಿ ಅದಲು ಬದಲಾಗಿತ್ತು ಅಂತ ಬರಿ. ನಿನ್ ಗಂಡನ ಈಗಿನ್ ನಂಬರ್ ಆಕು. ನಮ್ಮೋರು ನಾಳೇನೇ ಕೆಲಸಕ್ಕೋಯ್ತಾರೆ."

ವೆಂಕಟರತ್ನಮ್ಮ ಖಾಲಿ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು, ಮತ್ತೆ ಕೆಳಗಿಟ್ಟಳು. ಕದಿರಮ್ಮ ಅವಳ ಮುಖವನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಅತ್ತಳು. ಸಿಟ್ಟು ಬಂದವಳು ಬೈದು ಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಂಜೆ ಗಂಡನಿಗೆ ಹೇಳಿದಳು. ಆಂಜಿನಪ್ಪ ಮುದ್ದೆ ಮುರಿಯುತ್ತ, "ಬರಿಯಮ್ಮೇ, ಅದ್ರಾಗೇನೈತೆ? ಸಾವಿರದ ನೂರ ಅರವತ್ಮೂರು. ನಂಬರ್‌ಗೇನು ಉಸಿರೈತಾ?" ಅಂದ. ಬೆಳಿಗ್ಗೆ ಅವನನ್ನು ಕಳಿಸಿ ಕಾಗದ ಹರಡಿಕೊಂಡು ಕೂತಳು. ಸಾವಿರದ ಎಂದು ಬರೆದಳು, ನೂರ ಎಂದು ಬರೆದಳು, ಅಲ್ಲಿಗೇ ನಿಲ್ಲಿಸಿದಳು. ಕಾಗದ ಹರಿದು ಒಲೆಗೆ ಹಾಕಿದಳು. ಬಾಗಿಲಿಗೆ ಬಂದಳು, ಒಳಗೆ ಹೋದಳು. ಮತ್ತೊಂದು ಕಾಗದ ತೆಗೆದಳು. ಅದೂ ಒಲೆಗೇ ಹೋಯಿತು. ಬರೀ ಕತೆ ಎಂದು ಬೇರೆಯವರ ಮನೆಗೆ ಹೇಳುವುದು ಸುಲಭ. ತನ್ನ ಮನೆಯ ಬಾಗಿಲಿಗೆ ಬಂದಾಗ ಬಾತುಕೋಳಿ ಪಾದದ ಗುರುತು ಕೆಸರಿನಲ್ಲಿ ಎಷ್ಟು ಚೆನ್ನಾಗಿ ಮೂಡುತ್ತದೆಂದು ಅವಳಿಗೆ ಆಗ ತಿಳಿಯಿತು. ನಾಚಿಕೆಯಿಂದ ಅವಳ ಮೈ ಕಾದುಹೋಯಿತು. ತನ್ನ ಭಯವನ್ನು ಒಂದು ನಂಬರಿಗೆ ಕಟ್ಟಿ ಆಚೆ ನೂಕಿದ್ದಳು, ಅದು ನೇರ ಕದಿರಮ್ಮನ ಮನೆ ಹೊಕ್ಕಿತ್ತು.

ಅಂಗಿಯೇ ಇರಲಿಲ್ಲವೆಂದು ಅಳಿಸಿಬಿಡುವ ಹಾಗಿಲ್ಲ. ಅಚ್ಚಾಗಿ ಹೋದದ್ದು ಹೋಯಿತು, ಊರೆಲ್ಲ ಓದಿಯಾಗಿದೆ. ಏನು ಮಾಡಿದರೂ ಕತೆಯೊಳಗೇ ಮಾಡಬೇಕು, ಅತ್ತೆ ಹೇಳಿದ ಕಟ್ಟಳೆಗೆ ಒಳಪಟ್ಟೇ ಮಾಡಬೇಕು. ಇಲ್ಲದಿದ್ದರೆ ಬಚ್ಚಪ್ಪ ನಂಬುವುದಿಲ್ಲ. ಅವಳೂ ನಂಬುವುದಿಲ್ಲ. ಕಂತು ಕಳಿಸಬೇಕಾದ ದಿನ ಬಂದಾಗ ಒಂದೇ ಉಸಿರಿಗೆ ಬರೆದಳು, ಬರೆದದ್ದನ್ನು ತೆಗೆದುಕೊಂಡು ಕದಿರಮ್ಮನ ಮನೆಗೇ ಹೋದಳು. ಬಚ್ಚಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ವೆಂಕಟರತ್ನಮ್ಮ ಹೊಸಿಲ ಬಳಿ ನಿಂತುಕೊಂಡೇ ಓದಿದಳು.

ಕತೆಯಲ್ಲಿ ಕೆಲಸಗಾರನ ಹೆಂಡತಿ ಬೇತಮಂಗಲದ ಕೆರೆಗೆ ಹೋಗಿ, ಮಂಡಿಯುದ್ದ ಕೆಸರಿನಲ್ಲಿ ಇಳಿದು, ನೀರಂಚಿನವಳಿಗೂ ನೀರಿಗೂ ನಡುವೆ ನಿಲ್ಲುತ್ತಾಳೆ. ಅಂಗಿ ಕೊಡು ಎನ್ನುತ್ತಾಳೆ. ಕೊಡಲೇಬೇಕು, ಕೊಡುತ್ತೇನೆ, ಆದರೆ ನನ್ನ ಕೈ ಬರಿದಾಗಿರುವ ಹಾಗಿಲ್ಲ, ಒಗೆಯಲು ಇನ್ನೊಂದು ಬಟ್ಟೆ ಬೇಕು ಎನ್ನುತ್ತಾಳೆ ನೀರಂಚಿನವಳು. ಆಗ ಏರಿಯ ಮೇಲಿಂದ ಇನ್ನೊಬ್ಬ ಹೆಂಗಸು ಇಳಿದು ಬರುತ್ತಾಳೆ. ಈ ಕತೆ ಬರೆಯುತ್ತಿರುವವಳು ನಾನೇ, ಎಂದು ತನ್ನ ಸೀರೆ ಕೊಡುತ್ತಾಳೆ. ಅರಿಶಿನ ಬಣ್ಣದ್ದು, ಕಡುಗೆಂಪು ಅಂಚು, ಸೆರಗಿನಲ್ಲಿ ಕೆಂಡ ಬಿದ್ದು ಸುಟ್ಟ ತೂತು.

ಕದಿರಮ್ಮ ಓದಿದವಳ ಸೆರಗನ್ನು ನೋಡಿದಳು. ಅಲ್ಲಿ ತೂತಿತ್ತು.

"ಅಕ್ಕಾ, ಇದ್ಯಾಕೆ? ನಾನು ಇದನ್ನ ಕೇಳಲಿಲ್ಲ."

"ನನಗೆ ನಂಬರ್ ಇಲ್ಲವಲ್ಲ, ಗುರುತಿಗೆ ಸೀರೇನೇ" ಎಂದಳು ವೆಂಕಟರತ್ನಮ್ಮ.

ಗೋಡೆಯ ಕಡೆ ತಿರುಗಿದ್ದ ಬಚ್ಚಪ್ಪ ಎದ್ದು ಕೂತಿದ್ದ. ಮಾರನೆಯ ದಿನ ಅವನು ಕೆಲಸಕ್ಕೆ ಹೋದ. ಶಿಫ್ಟು ಮುಗಿಯುವವರೆಗೂ ಇಬ್ಬರು ಹೆಂಗಸರೂ ಗೇಟಿನ ಹತ್ತಿರ ನಿಂತಿದ್ದರು. ಬಚ್ಚಪ್ಪ ಮೇಲೆ ಬಂದು ಬಿಲ್ಲೆ ಕೊಟ್ಟು, ಹೆಂಡತಿಯನ್ನು ಕಂಡು ನಾಚಿಕೊಂಡು ನಕ್ಕ.

ಸೀರೆಯ ವಿಷಯ ಆಂಜಿನಪ್ಪನಿಗೆ ಅವಳು ಹೇಳಿರಲಿಲ್ಲ. ಹೇಗೂ ನಗುತ್ತಾನೆ, ನಗುವವನಿಗೆ ಏನು ಹೇಳುವುದು ಎಂದು ಸುಮ್ಮನಿದ್ದಳು. ಆ ಕಂತು ಅಚ್ಚಾಗಿ ಬಂದ ದಿನ ಅವನು ಎಂದಿನಂತೆ ಬುತ್ತಿ ಹಿಡಿದು ಹೋದ. ಮಧ್ಯಾಹ್ನ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು. ಅವಳು ಸಾಲಿನಲ್ಲಿ ತುಂಬ ಹೊತ್ತು ನಿಲ್ಲಬೇಕಾಯಿತು. ಕೊಡ ತುಂಬಿಸಿಕೊಂಡು ತಿರುಗಿ ಬರುವಾಗ ತಮ್ಮ ಲೈನ್‌ನ ಮನೆ ಮನೆಯ ಬಾಗಿಲಲ್ಲೂ ಯಾರೋ ಗಂಡಸು ನಿಂತು ಒಳಗೆ ಇಣುಕಿ ಕೇಳುತ್ತಿರುವುದು ಕಂಡಿತು. ಮುಖವೆಲ್ಲ ಗಣಿಯ ಧೂಳು. ಸ್ನಾನವಿಲ್ಲ, ಕಾಲಲ್ಲಿ ಬೂಟು ಹಾಗೇ ಇದೆ. ಹತ್ತಿರ ಬಂದಾಗಲೇ ಗುರುತು ಸಿಕ್ಕಿದ್ದು.

"ಎಲ್ಲೋಗಿದ್ದೆ?" ಎಂದು ಆಂಜಿನಪ್ಪ ಗದರಿದ. ಅವನಿಗೆ ಏದುಸಿರು ಬರುತ್ತಿತ್ತು.

"ನಲ್ಲಿಗೆ."

"ಯೋಳಿ ಓಗಬಾರ್ದಾ?"

"ಕೆಳಗಿರೋರಿಗೆ ಹೆಂಗೆ ಹೇಳಲಿ?"

ಅವನು ಹೊಸಿಲ ಮೇಲೆ ಕುಸಿದು ಕೂತ. ಕೇಜಿನ ಸಾಲಿನಲ್ಲಿ ಯಾರೋ ಆ ಕಂತು ಜೋರಾಗಿ ಓದಿದ್ದರು. ಕೆಂಡದ ತೂತಿನ ತನಕ ಬಂದಾಗ ಇವನ ಕಡೆ ತಿರುಗಿ ನೋಡಿದ್ದರು. ಅಷ್ಟರಲ್ಲಿ ಕೇಜು ಇವನನ್ನು ಹೊತ್ತು ಇಳಿದಿತ್ತು.

"ಇಡೀ ಶಿಫ್ಟು ಒಂದ್ ಮರಾನೂ ನೆಟ್ಟಗೆ ನಿಲ್ಲಿಸಾಕಾಗ್ಲಿಲ್ಲ ಕಣಮ್ಮೇ. ಮ್ಯಾಲೇನಾಗೈತೋ, ಯಾರನ್ನ ಕೇಳ್ಲಿ? ಗೋಡೇನ ಕೇಳಾಕಾಗ್ತದಾ?" ಅಂದ. ದೊಡ್ಡ ಕೈಗಳಿಂದ ಬೂಟಿನ ದಾರ ಎಳೆದ, ಗಂಟು ಬಿಗಿಯಿತೇ ಹೊರತು ಬಿಚ್ಚಲಿಲ್ಲ.

ಹತ್ತು ವರ್ಷದಿಂದ ಅವಳು ಬಾಗಿಲಿಗೂ ನಲ್ಲಿಗೂ ನಡೆದದ್ದು ಈ ಮಾತಿಗಾಗಿ. ಅವಳಿಗೆ ಸಂತೋಷವಾಯಿತು. ಅವನ ಕೈ ನೋಡಿ, ಆ ಸಂತೋಷಕ್ಕೆ ನಾಚಿಕೆಯೂ ಆಯಿತು. ಕೊಡ ಇಳಿಸಿ ಅವನ ಪಕ್ಕದಲ್ಲಿ ಕೂತಳು.

"ನನಗೆ ದಿನಾ ಹಿಂಗೇ ಇರ್ತದೆ" ಎಂದಳು.

ಆಂಜಿನಪ್ಪ ತಲೆ ಎತ್ತಲಿಲ್ಲ. ಸಣ್ಣ ದನಿಯಲ್ಲಿ, "ಮುಂದಿನ್ ವಾರ ಆ ಸೀರೆ ವಾಪಸ್ ಈಸ್ಕೊಂಡ್ಬಿಡೇ" ಎಂದ.

"ನೋಡೋಣ" ಎಂದಳು ವೆಂಕಟರತ್ನಮ್ಮ. ಆ ವಾರ ಅವಳು ಬರೆಯಲು ಸ್ವಲ್ಪವೂ ಅವಸರ ಮಾಡಲಿಲ್ಲ.